ಅಕ್ಟೋಬರ್ 2ಕ್ಕೆ ಹುಟ್ಟಿದ ಮಗಳು, ಫ್ರೆಂಡ್ಸನ್ನ ಯಾವಾಗ ಕರೀಬೇಕು?

ಪ್ರಶ್ನೆ: ಮೇಡಂ, ನಾವಿರೋದು ಬೆಂಗಳೂರಲ್ಲಿ. ಮಗಳು ಹುಟ್ಟಿದ್ದು 2019ರ ಅಕ್ಟೋಬರ್ 2. ಹೋದ ವರ್ಷ ಅದೇ ದಿನ ಸಂಜೆ ಒಂದು ಪ್ಲೇ ಏರಿಯಾ ಬುಕ್ ಮಾಡಿ, ನಾಲ್ಕು ದಿನ ಮುಂಚೆ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಕಾರ್ಡ್ ಹಾಕಿದ್ವಿ. ಎಷ್ಟೋ ಜನ ಕೇಕು, ಬಲೂನು ಅಂತ ಇಮೋಜಿ ಹಾಕಿದ್ರು, ಬಂದಿದ್ದು ಮೂರೇ ಮಕ್ಕಳು. 20 ಮಕ್ಕಳಿಗೆ ದುಡ್ಡು ಕಟ್ಟಿದ್ವಿ. ಮಗಳು ಕೇಕ್ ಹತ್ರ ಬರದೆ ಬಾಗಿಲಲ್ಲೇ ನಿಂತಿದ್ಲು. ಈ ಸಲ ಬೇಗ ಕರೆಯೋಣ ಅಂದ್ರೆ ಅತ್ತೆ ಪಿತೃಪಕ್ಷದಲ್ಲಿ ಪಾರ್ಟಿ ಗೀರ್ಟಿ ಬೇಡ ಅಂತಾರೆ, ನಮ್ಮೆಜಮಾನ್ರು ‘ಬರೋರು ಬಂದೇ ಬರ್ತಾರೆ, ತಿಂಗಳು ಮುಂಚೆ ಕರೆಯೋಕೆ ಇದೇನು ಮದುವೆನಾ’ ಅಂತಾರೆ. ಈ ಸಲ ಬಜೆಟ್ 12 ಮಕ್ಕಳಿಗೆ ಮಾತ್ರ, ಕ್ಲಾಸಲ್ಲಿ 34 ಇದ್ದಾರೆ. ಅದ್ರಲ್ಲಿ ಒಬ್ಳು ತನ್ನ ಬರ್ತ್‌ಡೇಗೆ ನಮ್ಮವಳನ್ನ ಕರೀಲೇ ಇಲ್ಲ, ಆದ್ರೂ ಅವಳು ಬರ್ಲೇಬೇಕು ಅಂತ ಮಗಳ ಹಠ. ಏನ್ ಮಾಡ್ಲಿ?

ಉತ್ತರ: ಮೊದಲು ಹೋದ ವರ್ಷದ್ದು ಮಾತಾಡೋಣ, ಯಾಕಂದ್ರೆ ಆ ಸಂಕಟ ನಿಮಗೂ ಹೋಗಿಲ್ಲ, ಮಗೂಗೂ ಹೋಗಿಲ್ಲ. 2025ರ ಅಕ್ಟೋಬರ್ 2 ಯಾವ ದಿನ ಹೇಳಿ? ವಿಜಯದಶಮಿ. ಮೈಸೂರಲ್ಲಿ ಜಂಬೂಸವಾರಿ ನಡೀತಿದ್ದ ದಿನ, ಹಿಂದಿನ ದಿನ ಆಯುಧಪೂಜೆ, ಸ್ಟೇಟ್ ಸಿಲಬಸ್ ಸ್ಕೂಲುಗಳಿಗಂತೂ ಸೆಪ್ಟೆಂಬರ್ 20ಕ್ಕೇ ದಸರಾ ರಜೆ ಶುರುವಾಗಿತ್ತು. ಅರ್ಧ ಬೆಂಗಳೂರು ಊರಿಗೆ ಹೋಗಿರುತ್ತೆ ಆಗ, ಹಾಸನ, ಶಿವಮೊಗ್ಗ, ಹುಬ್ಬಳ್ಳಿ ಅಂತ ಅಜ್ಜಿ ಮನೆ ಸೇರ್ಕೊಂಡಿರೋ ಮಕ್ಕಳಿಗೆ ನಾಲ್ಕು ದಿನ ಮುಂಚೆ ಕಾರ್ಡ್ ಬಂದ್ರೆ ಅವರಮ್ಮ ಏನು ಮಾಡೋಕಾಗುತ್ತೆ, ‘ಹ್ಯಾಪಿ ಬರ್ತ್‌ಡೇ ಪುಟ್ಟಿ’ ಅಂತ ಒಂದು ಇಮೋಜಿ ಹಾಕ್ತಾರೆ ಅಷ್ಟೇ. ಅದು ವಿಶ್ ಮಾಡಿದ್ದು, ಬರ್ತೀವಿ ಅಂತ ಒಪ್ಪಿದ್ದಲ್ಲ. ಇದನ್ನ ನೀವು ಮಗಳಿಗೆ ಕ್ಯಾಲೆಂಡರ್ ತೋರಿಸಿ ಹೇಳ್ಲೇಬೇಕು. ಯಾರಿಗೂ ನಾನು ಇಷ್ಟ ಇಲ್ಲ ಅಂತ ಅವಳು ಒಳಗೊಳಗೇ ಅಂದ್ಕೊಂಡಿರ್ತಾಳೆ, ಆ ವಯಸ್ಸಿನ ಮಕ್ಕಳು ಬಾಯಿ ಬಿಟ್ಟು ಹೇಳಲ್ಲ.

ಇನ್ನು ಈ ವರ್ಷ. 2026ರ ಅಕ್ಟೋಬರ್ 2 ಶುಕ್ರವಾರ, ನಿಜವಾಗ್ಲೂ ಪಿತೃಪಕ್ಷದ ಒಳಗೇ ಬರುತ್ತೆ, ಅತ್ತೆ ಹೇಳಿದ್ದು ಸರಿ. ಅಧಿಕ ಜ್ಯೇಷ್ಠ ಬಂದಿದ್ರಿಂದ ಹಬ್ಬಗಳೆಲ್ಲ ಮುಂದಕ್ಕೆ ಹೋಗಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ ಬಿದ್ದಿದೆ. ಆದ್ರೆ ಅತ್ತೆಗೂ ಖುಷಿ ಆಗೋ ವಿಷಯ ಒಂದಿದೆ. ನಿಮ್ಮ ಮಗಳು ಹುಟ್ಟಿದ ವರ್ಷ, ಅಂದ್ರೆ 2019ರಲ್ಲಿ, ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 28ಕ್ಕೇ ಮುಗಿದು ಅಕ್ಟೋಬರ್ 2ರ ಹೊತ್ತಿಗೆ ನವರಾತ್ರಿ ನಡೀತಿತ್ತು. ಹಾಗಾಗಿ ಪಂಚಾಂಗದ ಪ್ರಕಾರ ಅವಳ ಹುಟ್ಟಿದಬ್ಬ ಈ ವರ್ಷಾನೂ ನವರಾತ್ರಿಯೊಳಗೇ ಬರುತ್ತೆ. ಆ ದಿನ ಎಣ್ಣೆ ನೀರು ಹಾಕಿ, ಹೊಸ ಬಟ್ಟೆ ಉಡಿಸಿ, ಪಾಯಸ ಮಾಡಿ, ಆರತಿ ಎತ್ತೋದನ್ನ ಪೂರ್ತಿ ಅತ್ತೆಗೇ ಬಿಟ್ಕೊಡಿ, ದಿನಾನೂ ಅವರೇ ನೋಡಿ ಹೇಳ್ಲಿ. ಅದು ಮನೆಯವರ ಹಬ್ಬ. ಫ್ರೆಂಡ್ಸ್ ಪಾರ್ಟಿ ಬೇರೆ ದಿನಕ್ಕಿರಲಿ, ಅದಕ್ಕೆ ತಾರೀಖು ಹುಡುಕುವಾಗ ನೋಡಬೇಕಾಗಿರೋದು ಮಕ್ಕಳು ಊರಲ್ಲಿ ಇರ್ತಾರಾ ಅನ್ನೋದು ಒಂದೇ.

ನಾನಾಗಿದ್ರೆ ಅಕ್ಟೋಬರ್ 31, ಶನಿವಾರ ಸಂಜೆ 4ರಿಂದ 6:30 ಇಟ್ಕೊಳ್ತೀನಿ. ಹೇಗೆ ಅಂದ್ರೆ, ದಸರಾ 20, 21ರ ಹೊತ್ತಿಗೆ ಮುಗಿದ್ರೂ ಊರಿಗೆ ಹೋದವರು ವಾಪಸ್ ಬರೋದು ಆ ಭಾನುವಾರ 25ಕ್ಕೇ, ಬಂದ ದಿನ ಬಟ್ಟೆ ಒಗೆಯೋದು, ಹೋಮ್‌ವರ್ಕ್ ಅಂತ ತಲೆ ಕೆಟ್ಟಿರುತ್ತೆ, ಪಾರ್ಟಿಗೆ ಬರೋ ಮನಸ್ಸಿರಲ್ಲ. ನವೆಂಬರ್ 1 ಭಾನುವಾರ ರಾಜ್ಯೋತ್ಸವ, ಎಷ್ಟೋ ಅಪಾರ್ಟ್‌ಮೆಂಟಲ್ಲಿ ಮಕ್ಕಳದ್ದೇ ಡ್ಯಾನ್ಸು, ಹಾಡು ಇರುತ್ತೆ. ಅದರ ಮುಂದಿನ ಭಾನುವಾರ 8ಕ್ಕೆ ದೀಪಾವಳಿ. ನಡುವೆ ಸಿಗೋದು ಆ ಶನಿವಾರ ಒಂದೇ, ರಾಜ್ಯೋತ್ಸವ ಭಾನುವಾರಾನೇ ಬಂದಿರೋದ್ರಿಂದ ಲಾಂಗ್ ವೀಕೆಂಡ್ ಅಂತ ಯಾರೂ ಊರು ಬಿಡೋ ಚಾನ್ಸೂ ಕಮ್ಮಿ. ಇನ್ನೊಂದು, ಭಾನುವಾರ ಸಂಜೆ 4:30ರಿಂದ 6 ರಾಹುಕಾಲ, ಸರಿಯಾಗಿ ಕೇಕ್ ಕಟ್ ಮಾಡೋ ಹೊತ್ತು. ಶನಿವಾರದ ರಾಹುಕಾಲ ಬೆಳಗ್ಗೆ 9ರಿಂದ 10:30, ಸಂಜೆಗೆ ಏನೂ ತಕರಾರಿಲ್ಲ. ಬುಕ್ ಮಾಡೋ ಮುಂಚೆ ನಿಮ್ಮ ಸ್ಕೂಲಿನ ಕ್ಯಾಲೆಂಡರ್ ಒಂದ್ಸಲ ನೋಡ್ಕೊಳ್ಳಿ, ಸಿಬಿಎಸ್‌ಇ ಸ್ಕೂಲುಗಳ ರಜೆ, ಪರೀಕ್ಷೆ ಎಲ್ಲ ಅವರವರ ಲೆಕ್ಕದಲ್ಲಿ ಇರುತ್ತೆ.

ಈಗ ಕರೆಯೋ ವಿಷಯ. ನಿಮ್ಮೆಜಮಾನ್ರ ಮಾತಲ್ಲಿ ಅರ್ಧ ನಿಜ ಇದೆ, ತಿಂಗಳಿಗಿಂತ ಮುಂಚೆ ಹೇಳಿದ್ರೆ ಜನ ಮರ್ತೇ ಹೋಗ್ತಾರೆ. ಆದ್ರೆ ವಾರಕ್ಕಿಂತ ಕಮ್ಮಿ ಟೈಮಲ್ಲಿ ಕರೆದ್ರೆ ಬೇರೆಯವರು ಯಾರೋ ಬರಲ್ಲ ಅಂದಿದ್ದಕ್ಕೆ ನಮ್ಮನ್ನ ಕರೆದ್ರು ಅನ್ಸುತ್ತೆ. ಜೊತೆಗೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋ ಮನೇಲಿ ಒಂದು ಶನಿವಾರ ಸಂಜೆ ಬಿಡುವು ಮಾಡ್ಕೊಳ್ಳೋದು, ಯಾರು ಕರ್ಕೊಂಡು ಹೋಗೋದು, ಚಿಕ್ಕದನ್ನ ಯಾರು ನೋಡ್ಕೊಳ್ಳೋದು, ಗಿಫ್ಟ್ ಯಾವಾಗ ತರೋದು, ಇಷ್ಟೆಲ್ಲ ಇರುತ್ತಲ್ವಾ. ಮಾಮೂಲಿ ದಿನಗಳಲ್ಲಿ ಎರಡರಿಂದ ಮೂರು ವಾರ ಮುಂಚೆ ಹೇಳೋದು ಹದ. ನಿಮಗೆ ಮಧ್ಯೆ ದಸರಾ ರಜೆ ಅಡ್ಡ ಬರೋದ್ರಿಂದ ಎರಡು ಸಲ ಹೇಳಿ. ರಜೆ ಕೊಡೋ ಕೊನೇ ವಾರದಲ್ಲಿ ತಾರೀಖು ಮಾತ್ರ ಒಂದು ಲೈನ್ ಮೆಸೇಜು, ‘31 ಶನಿವಾರ ಸಂಜೆ ಇಟ್ಕೊಂಡಿದೀವಿ, ಬಿಡುವು ಮಾಡ್ಕೊಳ್ಳಿ’ ಅಂತ. ದಸರಾ ಮುಗಿದ ಮೇಲೆ 22ಕ್ಕೆ ಪೂರ್ತಿ ವಿವರ. ಹಿಂದಿನ ದಿನ ಲೊಕೇಶನ್ ಸಮೇತ ಒಂದು ನೆನಪಿನ ಮೆಸೇಜ್ ಹಾಕಿ.

ವಿವರ ಹೀಗಿರಲಿ: ‘31 ಶನಿವಾರ ಸಂಜೆ 4ರಿಂದ 6:30, ಪುಟ್ಟಿ ಬರ್ತ್‌ಡೇ, ನಿಮ್ಮ ಮಗೂನ ಕಳ್ಸಿ ಅಂತ ಕೇಳ್ಕೊಳ್ತೀವಿ. ಬಿಟ್ಟು ಹೋಗಬಹುದು, ಇರೋದಾದ್ರೆ ನಿಮಗೂ ಕಾಫಿ ತಿಂಡಿ ಇದೆ. ಕೇಕ್ ಎಗ್‌ಲೆಸ್, ಕಡ್ಲೆಕಾಯಿ ಅಥವಾ ಬೇರೆ ಯಾವ್ದಾದ್ರೂ ಆಗಲ್ಲ ಅಂದ್ರೆ ಹೇಳಿ. ಪಾರ್ಟಿ ಜಾಗದವರಿಗೆ ಮಕ್ಕಳ ಲೆಕ್ಕ ಕೊಡಬೇಕು, ತಮ್ಮ ತಂಗಿ ಬರ್ತಾರಾ ಅನ್ನೋದೂ ಸೇರಿಸಿ 26 ಸೋಮವಾರದೊಳಗೆ ತಿಳಿಸಿದ್ರೆ ತುಂಬ ಉಪಕಾರ ಆಗುತ್ತೆ.’ ಮುಗಿಯೋ ಟೈಮ್ ಬರೆಯೋದು ಮರೀಬೇಡಿ. ಎಷ್ಟೊತ್ತಿಗೆ ಕರ್ಕೊಂಡು ಹೋಗಬೇಕು ಅಂತ ಗೊತ್ತಿಲ್ದೆ ಅಪ್ಪಂದಿರು ಕಾರಲ್ಲಿ ಕಾಯ್ತಾ ಕೂತಿರ್ತಾರೆ ಪಾಪ.

ಈ ಮೆಸೇಜನ್ನ ಒಬ್ಬೊಬ್ಬರಿಗೂ ಬೇರೆ ಬೇರೆ ಕಳ್ಸಿ, ಕ್ಲಾಸ್ ಗ್ರೂಪಲ್ಲಿ ದಯವಿಟ್ಟು ಬೇಡ. ಆಮೇಲೆ ಫೋನ್ ಮಾಡಿ. ನಮ್ಮ ಕಡೆ ಇವತ್ತಿಗೂ ಬಾಯ್ತುಂಬ ಕರೆದ್ರೇನೇ ಕರೆದ ಹಾಗೆ, ಮದುವೆ ಕಾರ್ಡ್ ಜೊತೆ ಅರಿಶಿನ ಕುಂಕುಮ ಕೊಟ್ಟು ‘ಮನೆಮಂದಿಯೆಲ್ಲ ಬರಬೇಕು’ ಅಂತ ಕರೆಸ್ಕೊಂಡು ರೂಢಿ ಇರೋ ಜನ ನಾವು. ಎರಡು ನಿಮಿಷ ಮಾತಾಡಿದ್ರೆ ಸಾಕು. ‘ನಿಮ್ಮ ಮಗಳು ಬಂದ್ರೆ ಇವಳಿಗೆ ತುಂಬ ಖುಷಿ’ ಅಂತ ಕಿವಿಗೆ ಬಿದ್ದ ಮೇಲೆ ಸುಮ್ಮನೆ ತಪ್ಪಿಸ್ಕೊಳ್ಳೋರು ಕಮ್ಮಿ, ಬರೋಕಾಗಲ್ಲ ಅಂದ್ರೆ ಆಗಲೇ ಹೇಳಿಬಿಡ್ತಾರೆ.

34ರಲ್ಲಿ 12 ಅನ್ನೋದು ತೊಂದ್ರೆ ಇಲ್ಲ. ಕರೆದ್ರೆ ಎಲ್ಲರನ್ನೂ ಕರೀಬೇಕು, ಇಲ್ಲಾಂದ್ರೆ ಅರ್ಧಕ್ಕಿಂತ ಕಮ್ಮಿ ಇರಬೇಕು, ಇದೊಂದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. 30 ಜನಾನ ಕರೆದು ನಾಲ್ಕು ಮಕ್ಕಳನ್ನ ಬಿಟ್ರೆ, ಕ್ಲಾಸಲ್ಲಿರೋ ಹೆಣ್ಮಕ್ಕಳಲ್ಲಿ ಇಬ್ಬರನ್ನ ಮಾತ್ರ ಬಿಟ್ರೆ, ಸೋಮವಾರ ಬೆಳಗ್ಗೆ ಆ ಮಕ್ಕಳು ಏನ್ ಅನುಭವಿಸ್ತಾರೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಾರ್ಡ್ ಮಾಡಿಸಿದ್ರೂ ಮಗಳ ಬ್ಯಾಗಲ್ಲಿಟ್ಟು ಸ್ಕೂಲಿಗೆ ಕಳಿಸ್ಬೇಡಿ, ಬಂದವರಿಗೂ ‘ಫೋಟೋ ಕ್ಲಾಸ್ ಗ್ರೂಪಿಗೆ ಹಾಕ್ಬೇಡಿ’ ಅಂತ ಮೊದಲೇ ಹೇಳಿ. ಹಾಗಂತ ಯಾರಿಗೂ ಹೇಳಬೇಡ ಅಂತ ಏಳು ವರ್ಷದ ಮಗು ಮೇಲೆ ಗುಟ್ಟು ಹೇರಬೇಡಿ, ಅದು ಅವಳ ಕೈಲಾಗಲ್ಲ. ಯಾರಾದ್ರೂ ಕೇಳಿದ್ರೆ ‘ಅಮ್ಮ ಸ್ವಲ್ಪ ಜನ ಅಂತ ಹೇಳಿದ್ರು’ ಅನ್ಲಿ, ನಿಮ್ಮ ಮೇಲೇ ಹಾಕಲಿ. ಇಡೀ ಕ್ಲಾಸಿಗೆ ಅಂತ ಅಕ್ಟೋಬರ್ 1ಕ್ಕೋ, 5ಕ್ಕೋ ಕಲರ್ ಡ್ರೆಸ್ ಹಾಕಿ ಕಳ್ಸಿ, ಟೀಚರನ್ನ ಕೇಳಿ ಚಾಕ್ಲೇಟ್ ಬೇಡ ಅಂದ್ರೆ ಪೆನ್ಸಿಲ್ ಕೊಡಿಸಿ, 34 ಜನಕ್ಕೂ ಅವತ್ತೇ ಅವಳ ಬರ್ತ್‌ಡೇ ಆಗಲಿ.

ಆ 12 ಹೆಸರು ಮಗಳೇ ಹೇಳ್ಲಿ, ನಿಮ್ಮ ಆಫೀಸಿನವರ ಮಕ್ಕಳು, ಅವರು ಕರೆದಿದ್ರು ಅಂತ ಋಣ ತೀರಿಸೋರು ಇದರಲ್ಲಿ ಬೇಡ. ನಿಮ್ಮ ಮನೆ ಕೆಲಸಕ್ಕೆ ಬರೋರ ಮಗು ಇವಳ ಜೊತೆ ಆಡುತ್ತೆ ಅಂದ್ರೆ, ಪ್ಲೇಟ್ ಎತ್ತೋಕಲ್ಲ, ಉಳಿದವರ ಹಾಗೇ ಅಮ್ಮನಿಗೆ ಫೋನ್ ಮಾಡಿ ಕರೀಬೇಕು, ರಿಟರ್ನ್ ಗಿಫ್ಟೂ ಅದೇ ಇರಬೇಕು.

ಕರೀದೇ ಇದ್ದ ಆ ಹುಡುಗೀನ ಕರೀರಿ. ಅವರ ಮನೇಲಿ ಜಾಗ ಕಮ್ಮಿ ಇತ್ತೋ, ಬರೀ ನೆಂಟರಷ್ಟೇ ಇದ್ರೋ, ನಮಗೇನು ಗೊತ್ತು. ನಿಮ್ಮ ಮಗಳಿಗೆ ಬೇಜಾರಿಲ್ಲ, ಅವಳಿಗೆ ಆ ಫ್ರೆಂಡ್ ಬೇಕು. ಅವರಮ್ಮಂಗೆ ಫೋನ್ ಮಾಡಿದಾಗ ಹಳೇದು ಎತ್ತಬೇಡಿ, ಅವರೇ ಮುಜುಗರ ಪಟ್ಕೊಂಡು ಸಮಜಾಯಿಷಿ ಹೇಳೋಕೆ ಬಂದ್ರೆ ‘ಅಯ್ಯೋ ಬಿಡಿ, ಮಗೂನ ಕಳ್ಸಿ’ ಅಂದ್ಬಿಡಿ.

26ರ ರಾತ್ರಿವರೆಗೂ ಉತ್ತರ ಕೊಡದೇ ಇರೋರಿಗೆ 27ಕ್ಕೆ ಇನ್ನೊಂದು ಫೋನ್ ಮಾಡಿ. ಆಮೇಲೂ ಎರಡು ಜಾಗ ಖಾಲಿ ಉಳಿದ್ರೆ ಕ್ಲಾಸಿನ ಬೇರೆ ಮಕ್ಕಳನ್ನ ಆಗ ಕರೆಯೋಕೆ ಹೋಗ್ಬೇಡಿ, ಅಪಾರ್ಟ್‌ಮೆಂಟಲ್ಲಿ ಅವಳ ಜೊತೆ ದಿನಾ ಸೈಕಲ್ ಹೊಡೆಯೋ ಮಕ್ಕಳನ್ನ ಕೂಗಿ, ಅವರಿಗೆ ಎಷ್ಟು ದಿನ ಮುಂಚೆ ಕರೆದ್ರು ಅನ್ನೋ ಲೆಕ್ಕ ಇರಲ್ಲ.