ನಿವೃತ್ತಿಯ ನಂತರದ ಪ್ರವಾಸ ಮತ್ತು ವಯಸ್ಸಾದ ತಾಯಿ: ವರ್ಷಕ್ಕೆ ಎಷ್ಟು ದಿನ ಮನೆ ಬಿಟ್ಟಿರಬಹುದು?

ಮುಂದಿನ ವರ್ಷ ನಿವೃತ್ತಿ, ಪತ್ನಿಯೊಂದಿಗೆ ದೇಶ ಸುತ್ತುವ ಆಸೆ, ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ಅದೇ ಮನೆಯಲ್ಲಿ ತಮ್ಮನ ಸಂಸಾರ. ಹೀಗಿರುವಾಗ ಎಷ್ಟು ದಿನ ಹೊರಗಿದ್ದರೆ ತಪ್ಪಾಗುವುದಿಲ್ಲ ಎಂದು ಕೇಳಿದ್ದೀರಿ. ಎಂಟು ವರ್ಷಗಳ ಹಿಂದೆ ಇದೇ ಲೆಕ್ಕ ಹಾಕುತ್ತ ಕುಳಿತಿದ್ದವನು ನಾನು.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಿಂದ 2017ರ ಮೇ ತಿಂಗಳಲ್ಲಿ, ಅರವತ್ತು ತುಂಬಿದಾಗ, ನಿವೃತ್ತನಾದೆ. ಆ ವರ್ಷ ದೀಪಾವಳಿ ಮುಗಿಸಿಕೊಂಡು ನಲವತ್ತೆರಡು ದಿನಗಳ ಪ್ರವಾಸಕ್ಕೆ ಹೊರಟೆವು. ಬಲಿಪಾಡ್ಯಮಿಯ ಮರುದಿನ, ಯಮದ್ವಿತೀಯೆಯಂದೇ ಕೇದಾರದ ಬಾಗಿಲು ಮುಚ್ಚುವುದರಿಂದ ಅದನ್ನು ಬಿಟ್ಟು, ನವೆಂಬರ್ ನಡುವಿನವರೆಗೆ ತೆರೆದಿರುವ ಬದರಿಯನ್ನು ಮೊದಲು ನೋಡಿ, ಆಮೇಲೆ ಕಾಶಿ, ಗಯಾ ಎಂದು ನಿಶ್ಚಯಿಸಿದ್ದೆವು. ಅಮ್ಮನಿಗೆ ಆಗ ಎಂಬತ್ತಾರು. ಕೇಳಿದಾಗ, "ನಂಗೆ ಎಂತ ಆಗ್ತದೆ, ನೀನು ಹೋಗಿ ಬಾ" ಎಂದರು. ಅವರ ಮಾತ್ರೆಗಳ ಹೆಸರು, ಹೊತ್ತು, ವೈದ್ಯರ ನಂಬರು ಎಲ್ಲವನ್ನೂ ದುಂಡಗೆ ಬರೆದು ಅಡುಗೆಮನೆಯ ಬಾಗಿಲ ಪಕ್ಕ ಅಂಟಿಸಿದೆ. ಖರ್ಚಿಗೆಂದು ತಮ್ಮನ ಖಾತೆಗೆ ಹಣ ಹಾಕಿದೆ. ನನ್ನ ಕರ್ತವ್ಯ ಮುಗಿಯಿತೆಂದು ಪ್ರಾಮಾಣಿಕವಾಗಿ ನಂಬಿದ್ದೆ.

ನಾನು ಮಾಡಿದ ತಪ್ಪು ಆ ಹಾಳೆಯಲ್ಲಿ ಬರೆಯದೇ ಬಿಟ್ಟದ್ದರಲ್ಲಿ ಇತ್ತು. ನಮ್ಮದು ಹಳೆಯ ಕಾಲದ ಮನೆ. ಅಮ್ಮ ಮಲಗುತ್ತಿದ್ದದ್ದು ನಡುಮನೆಯಲ್ಲಿ. ಬಚ್ಚಲು ಇದ್ದದ್ದು ಅಡುಗೆಮನೆಯ ಆಚೆ, ಎರಡು ಮೆಟ್ಟಿಲು ಇಳಿದು ಹೋಗುವಲ್ಲಿ. ಅಲ್ಲಿಯ ದೀಪದ ಸ್ವಿಚ್ಚು ಮೆಟ್ಟಿಲು ಇಳಿದ ಮೇಲೆ ಎಡಗೋಡೆಯ ಮೇಲೆ. ಪ್ರತಿ ರಾತ್ರಿ ಎರಡೂವರೆಯ ಸುಮಾರಿಗೆ ಅವರು ಏಳುತ್ತಿದ್ದರು. ಅಪ್ಪ ಹೋದ ಮೇಲೆ ನಾನೂ ಅಲ್ಲೇ ಮಂಚ ಹಾಕಿಕೊಂಡಿದ್ದೆ. ಬಳೆಯ ಸದ್ದಿಗೆ ಎಚ್ಚರವಾಗಿ, ಮುಂದೆ ಹೋಗಿ ದೀಪ ಹಾಕಿ, ಮೆಟ್ಟಿಲಲ್ಲಿ ಮೊಣಕೈ ಹಿಡಿದು ಇಳಿಸಿ, ಮತ್ತೆ ಕರೆತಂದು ಮಲಗಿಸಿ ನಿದ್ದೆ ಹೋಗುತ್ತಿದ್ದೆ. ಆರು ವರ್ಷ ಹೀಗೆ ನಡೆದಿತ್ತು. ಬೆಳಿಗ್ಗೆ ನನಗೇ ಅದು ನೆನಪಿರುತ್ತಿರಲಿಲ್ಲ, ಅಮ್ಮನೂ ಆಡುತ್ತಿರಲಿಲ್ಲ. ಮಹಡಿಯ ಮೇಲೆ ಮಲಗುವ ತಮ್ಮನಿಗಾಗಲಿ ಅವನ ಹೆಂಡತಿಗಾಗಲಿ ಅಂಥದೊಂದು ಕೆಲಸ ಆ ಮನೆಯಲ್ಲಿ ನಡೆಯುತ್ತದೆಂದೇ ತಿಳಿದಿರಲಿಲ್ಲ. ಅದನ್ನು ಕೆಲಸವೆಂದು ನಾನು ಎಣಿಸಿದ್ದರೆ ಬರೆಯುತ್ತಿದ್ದೆ, ಎಣಿಸಿರಲಿಲ್ಲ. ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ: ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೇ ಇರುತ್ತದೆ, ಅದು ನಿಮ್ಮ ಕಣ್ಣಿಗೂ ಬಿದ್ದಿರುವುದಿಲ್ಲ.

ನಾವು ಹೋದ ಹೊತ್ತಿಗೆ ಅಡಿಕೆ ಕೊಯ್ಲು ಶುರುವಾಗಿತ್ತು. ತಮ್ಮನ ಹೆಂಡತಿ ಸುಲಿಯುವವರ ಜೊತೆ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು, ಬೇಯಿಸುವ ಹಂಡೆಯ ಬೆಂಕಿ ನೋಡಿ, ಆಮೇಲೆ ಮಲಗುತ್ತಿದ್ದಳು. ಹನ್ನೊಂದನೆಯ ರಾತ್ರಿ ಅಮ್ಮ ಕತ್ತಲೆಯಲ್ಲಿ ಎರಡನೆಯ ಮೆಟ್ಟಿಲು ತಪ್ಪಿ ಬಿದ್ದರು. ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿಯಿತು. ಆ ವಯಸ್ಸಿನ ಮೂಳೆಗೆ ನಿಂತಲ್ಲಿಂದ ಬಿದ್ದರೂ ಸಾಕು. ಫೋನ್ ಬಂದಾಗ ನಾವು ಬದರಿಯಲ್ಲಿದ್ದೆವು. ಇಂಥ ಶಸ್ತ್ರಚಿಕಿತ್ಸೆ ತಡವಾದಷ್ಟೂ ಅಪಾಯ ಹೆಚ್ಚು ಎಂದು ವೈದ್ಯರು ಹೇಳಿದ್ದರಿಂದ ತಮ್ಮನೇ ಸಹಿ ಹಾಕಿದ. ಬೆಟ್ಟ ಇಳಿದು ಋಷಿಕೇಶ ಸೇರುವುದಕ್ಕೇ ಒಂದಿಡೀ ದಿನ ಹಿಡಿಯಿತು. ಡೆಹ್ರಾಡೂನ್, ದೆಹಲಿ, ಬೆಂಗಳೂರು ದಾಟಿ ರಾತ್ರಿ ಬಸ್ಸಿನಲ್ಲಿ ಶಿವಮೊಗ್ಗ ಮುಟ್ಟಿದ್ದು ಮೂರನೆಯ ದಿನ. (ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾದದ್ದು 2023ರಲ್ಲಿ.) ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಗಿದಿತ್ತು. ಆಸ್ಪತ್ರೆಯ ವರಾಂಡದಲ್ಲಿ ತಮ್ಮನ ಹೆಂಡತಿ ನನ್ನನ್ನು ಕಂಡವಳೇ, "ಭಾವ, ನಂಗೆ ಎಚ್ಚರ ಆಗ್ಲಿಲ್ಲ" ಎಂದಳು. ತನಗೆ ಯಾರೂ ಹೇಳಿರದ ಕೆಲಸಕ್ಕೆ ಅವಳು ನನ್ನ ಕ್ಷಮೆ ಕೇಳುತ್ತಿದ್ದಳು. ಅಮ್ಮ ಅನಂತರ ಹದಿನಾಲ್ಕು ತಿಂಗಳು ಇದ್ದರು, ಒಬ್ಬರೇ ಎದ್ದು ನಡೆಯಲಿಲ್ಲ.

ಆದ್ದರಿಂದ "ವರ್ಷಕ್ಕೆ ಎಷ್ಟು ದಿನ" ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾನು ನಾಲ್ಕೇ ದಿನಕ್ಕೆ ಹೋಗಿದ್ದರೂ, ಆ ನಾಲ್ಕರಲ್ಲೊಂದು ರಾತ್ರಿ ಅದೇ ಆಗಬಹುದಿತ್ತು. ಮೆಟ್ಟಿಲಿನ ಬಳಿ ದೀಪ ಮತ್ತು ಪಕ್ಕದಲ್ಲಿ ಒಬ್ಬರು ಇದ್ದಿದ್ದರೆ ನಲವತ್ತೆರಡು ದಿನವೂ ಸುಸೂತ್ರವಾಗಿ ಕಳೆಯಬಹುದಿತ್ತು. ಹಾಗೆಂದು ತಾಯಿ ಇರುವಷ್ಟು ಕಾಲ ಎಲ್ಲಿಗೂ ಹೋಗಬೇಡಿ ಎನ್ನುವವರ ಮಾತನ್ನೂ ಕೇಳಬೇಡಿ. ಗೌರೀಕುಂಡದಿಂದ ಕೇದಾರಕ್ಕೆ ಹದಿನಾರು ಕಿಲೋಮೀಟರಿಗೂ ಹೆಚ್ಚು ಏರುದಾರಿ. ಅದಕ್ಕೆ ಮಂಡಿ ಗಟ್ಟಿ ಇರಬೇಕು, ಎಪ್ಪತ್ತರ ನಂತರ ಎಷ್ಟು ಜನರಿಗೆ ಇರುತ್ತದೆ? ಹೋಗಬೇಕೆಂದಿದ್ದ ಜಾಗಕ್ಕೆ ಹೋಗಲಾಗದೆ ಒಳಗೊಳಗೇ ಕುದಿಯುತ್ತ ಮಾಡುವ ಆರೈಕೆಯೂ ತಾಯಿಗೆ ತಿಳಿಯುತ್ತದೆ.

ಬದರಿಗೆ ಟಿಕೆಟ್ ಮಾಡಿಸುವ ಮೊದಲು ಮೂರು ರಾತ್ರಿ ಸಾಗರದಲ್ಲೋ ಶೃಂಗೇರಿಯಲ್ಲೋ ಇದ್ದು ಬನ್ನಿ. ಹೋಗುವಾಗ ಏನನ್ನೂ ಹೇಳಿಕೊಡಬೇಡಿ. ಆದರೆ ತಮ್ಮನ ಮನೆಯವರಲ್ಲಿ ಒಬ್ಬರು ತಾಯಿಯ ಪಕ್ಕದಲ್ಲೇ ಮಲಗಲಿ, ಕಂಡದ್ದನ್ನೆಲ್ಲ ಬರೆದಿಡಲಿ. ನೀವು ಮಾಡುತ್ತಿದ್ದುದೇನು ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಕಾಣುತ್ತದೆ. ತಾಯಿ ರಾತ್ರಿ ಏಳುತ್ತಾರಾದರೆ ವೈದ್ಯರನ್ನು ಕೇಳಿ: ಬಿ.ಪಿ. ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಬಗೆಯದೂ ಇರುತ್ತದೆ, ಅದನ್ನು ಸಂಜೆ ನುಂಗಿದರೆ ನಡುರಾತ್ರಿ ಏಳಲೇಬೇಕಾಗುತ್ತದೆ. ನನ್ನ ಅಮ್ಮನದು ಸಂಜೆಯ ಮಾತ್ರೆಯಾಗಿತ್ತು; ಅದನ್ನು ಬೆಳಿಗ್ಗೆಗೆ ಬದಲಿಸಿದ್ದು ಎಲ್ಲ ಆದ ಮೇಲೆ. ಕೊಯ್ಲಿನ ತಿಂಗಳಲ್ಲಿ ಮಾತ್ರ ಖಂಡಿತ ಹೊರಡಬೇಡಿ. ನಮ್ಮ ಕಡೆ ಆಗ ಯಾರ ಮೈಯಲ್ಲೂ ಎಚ್ಚರವಿರಲು ತ್ರಾಣ ಉಳಿದಿರುವುದಿಲ್ಲ.

ಇನ್ನೊಂದು ಮಾತು. ತಮ್ಮನ ಹೆಂಡತಿಗೂ ಎಲ್ಲಿಗಾದರೂ ಹೋಗುವ ಆಸೆ ಇದೆಯೇ ಎಂದು ಕೇಳಿದ್ದೀರಾ? ನಾನು ಕೇಳಿದ್ದು ಅಮ್ಮ ಹಾಸಿಗೆ ಹಿಡಿದ ಮೇಲೆ. ಅವಳು ಧರ್ಮಸ್ಥಳದಿಂದ ಆಚೆ ಹೋದವಳಲ್ಲ. ಮರುವರ್ಷ ಮಳೆಗಾಲ ಮುಗಿದ ಕೂಡಲೇ ಅವರಿಬ್ಬರನ್ನೂ ಕಾಶಿಗೆ ಕಳಿಸಿ ಹನ್ನೆರಡು ದಿನ ನಾವಿಬ್ಬರೂ ಅಮ್ಮನ ಬಳಿ ಇದ್ದೆವು. ಹೊರಡುವ ಮೊದಲು ಅವಳು ಮಗಳ ಹಳೆಯ ನೋಟ್‌ಬುಕ್ಕಿನ ನಾಲ್ಕು ಪುಟ ತುಂಬ ಬರೆದುಕೊಟ್ಟಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಎಡಕ್ಕೆ ತಿರುಗಿಸಿದಾಗ ಮಂಡಿಗಳ ನಡುವೆ ಸಣ್ಣ ದಿಂಬು ಇಡಬೇಕು, ಗಂಜಿ ತಣ್ಣಗಾದರೆ ಬಾಯಿ ತೆರೆಯುವುದಿಲ್ಲ, ಬಳೆ ಸದ್ದಾದರೆ ನೀರು ಬೇಕೆಂದು ಅರ್ಥ. ಅಮ್ಮನ ಜೊತೆ ಅರವತ್ತು ವರ್ಷ ಇದ್ದ ನನಗೆ ಅದರಲ್ಲಿ ಅರ್ಧದಷ್ಟು ಗೊತ್ತಿರಲಿಲ್ಲ.