ಕೆಇಎಫ್ ರೆಫರೆನ್ಸ್ 1, 3, 5 ಸ್ಪೀಕರು: ಸಣ್ಣ ರೂಮಿಗೆ ಯಾವುದು ತಗೊಳ್ಳೋದು?

12 ಬೈ 14ರ ಆರ್‌ಸಿಸಿ ರೂಮು, ಕೇಳೋದು ಹೆಚ್ಚಾಗಿ ಯಕ್ಷಗಾನ ಮತ್ತೆ ಹಿಂದುಸ್ತಾನಿ, ದುಡ್ಡು ಹೊಂದಿಸಿದೀನಿ, ಸೀದಾ 5 ತಂದುಬಿಡ್ಲಾ ಅಂತ ಕೇಳಿದೀರಿ. ಬೇಡ, 1 ತಗೊಳ್ಳಿ. ನಾನಿರೋದು ಕಾರವಾರದ ಕೋಡಿಬಾಗದಲ್ಲಿ, ನನ್ನ ಹತ್ರ 1 ಇದೆ, ಶಿರಸಿ ಕಡೆ ನಮ್ಮ ಭಾವನ ಮನೇಲಿ 5 ಇದೆ, ಎರಡನ್ನೂ ಬೇಕಾದಷ್ಟು ಕೇಳಿದೀನಿ.

ಮೂರರಲ್ಲೂ ಯೂನಿ-ಕ್ಯೂ ಅನ್ನೋ ಜೋಡಿ ಡ್ರೈವರು ಒಂದೇ. ನಡುವಿನ ದನಿಗೆ 125 ಎಂಎಂ ಮಿಡ್‌ರೇಂಜು, ಅದರ ನಟ್ಟನಡುವೆ ಏರುದನಿಗೆ 25 ಎಂಎಂ ಟ್ವೀಟರು. ಭಾಗವತರ ದನಿ, ತಾಳದ ಕಿಣಿಕಿಣಿ, ಸಾರಂಗಿ ಹೆಚ್ಚಾಗಿ ಬರೋದು ಅಲ್ಲಿಂದಾನೇ, ಅಂದ್ರೆ ದನಿಯ ಗುಣ ಮೂರರಲ್ಲೂ ಒಂದೇ ಮನೆತನದ್ದು. ಬದಲಾಗೋದು ಬಾಸ್, ಅಂದ್ರೆ ತಗ್ಗಿನ ದನಿ ಮಾತ್ರ, 165 ಎಂಎಂ ಡ್ರೈವರು 1ರಲ್ಲಿ ಒಂದು, 3ರಲ್ಲಿ ಎರಡು, 5ರಲ್ಲಿ ನಾಲ್ಕು. ಆದ್ರೂ ಕಂಪನಿ ಕೊಡೋ ಲೆಕ್ಕದಲ್ಲಿ ಬಾಸ್ ಇಳಿಯೋದು 45, 43, 40 ಹರ್ಟ್ಝ್‌ವರೆಗೆ (ಅಂಕಿ ಕಮ್ಮಿ ಆದಷ್ಟೂ ದನಿ ತಗ್ಗು), ಇಷ್ಟೇ ವ್ಯತ್ಯಾಸ! ಹೆಚ್ಚಿನ ದುಡ್ಡಿಗೆ ಸಿಗೋದು ಆಳಕ್ಕಿಂತ ಜೋರು, ದೊಡ್ಡ ಜಾಗ ತುಂಬೋ ಶಕ್ತಿ.

ಭಾವ ಮೊದಲು 5ನ್ನ ಒಳಕೋಣೇಲೇ ಇಟ್ಟಿದ್ರು, ಹೆಚ್ಚುಕಮ್ಮಿ ನಿಮ್ಮಷ್ಟೇ ರೂಮು, ಮೇಲೆ ಸ್ಲ್ಯಾಬು. ಮದ್ದಳೆಯ ಎಡದ ಪೆಟ್ಟು ಬಿದ್ದ ಮೇಲೂ ಗುಂಯ್ ಅಂತ ನಿಂತೇ ಇರ್ತಿತ್ತು, ಅದು ಮುಗಿಯೋದ್ರೊಳಗೆ ಇನ್ನೊಂದು ಪೆಟ್ಟು, ಭಾಗವತರ ಸಾಹಿತ್ಯ ಅದರಡಿ ಮುಚ್ಚಿಹೋಗ್ತಿತ್ತು. 12, 14 ಅಡಿ ಅಳತೆಗೆ ರೂಮೇ 47, 40 ಹರ್ಟ್ಝ್ ಹತ್ರ, ಮತ್ತೆ ಅದರ ದುಪ್ಪಟ್ಟಿನಲ್ಲೂ ತಾನಾಗೇ ಮೊಳಗತ್ತೆ, ಅದರ ಮೇಲೆ ನಾಲ್ಕು ಡ್ರೈವರು ಅಂದ್ರೆ ಕೇಳ್ಬೇಕಾ. ಆಮೇಲೆ ಹಂಚಿನ ಮಾಡಿನ ದೊಡ್ಡ ಹಾಲಿಗೆ ತಂದಿಟ್ರು ನೋಡಿ, ಅದೇ ರೆಕಾರ್ಡಿಂಗು, ಚಂಡೆ ಅಂಗಳದಲ್ಲೇ ಬಾರಿಸಿದ ಹಾಗೆ, ಮೈ ಜುಮ್ಮೆಂತು. ಅಂಥ ಹಾಲ್ ಇದ್ರೆ ನಾನೂ 5 ಅಂತಾನೇ ಹೇಳ್ತಿದ್ದೆ.

1ಕ್ಕೆ ಸೆನ್ಸಿಟಿವಿಟಿ 85 ಡಿಬಿ ಅಷ್ಟೇ, ಅಂದ್ರೆ ಅಷ್ಟೇ ಪವರ್ ಕೊಟ್ರೆ ಮೆಲ್ಲಗೆ ನುಡಿಯತ್ತೆ, ಹಾಗಾಗಿ ಉಳಿದ ದುಡ್ಡಲ್ಲಿ ಒಳ್ಳೆ ದಮ್ಮಿರೋ ಆಂಪ್ಲಿಫೈಯರ್ ತಗೊಳ್ಳಿ, 1 ಸ್ಟ್ಯಾಂಡ್ ಮೇಲಿಡೋ ಸಣ್ಣ ಸ್ಪೀಕರು, ಅದಕ್ಕೆ ಅಲ್ಲಾಡದ ಸ್ಟ್ಯಾಂಡ್ ಬೇಕೇಬೇಕು. ಹಿಂದಿನ ಗೋಡೆಯಿಂದ ಎರಡಡಿ ಮುಂದೆ ಇಡಿ, ಅಷ್ಟು ಜಾಗ ಇಲ್ಲಾಂದ್ರೆ ಪೋರ್ಟಿಗೆ, ಅಂದ್ರೆ ಡಬ್ಬದ ಹಿಂದಿನ ತೂತಿಗೆ, ಜೊತೇಲಿ ಬರೋ ಉದ್ದದ ಕೊಳವೆ ಹಾಕಿ, ಬಾಸ್ ಉಬ್ಬೋದು ಕಮ್ಮಿ ಆಗತ್ತೆ. ಕಡಲ ಹತ್ರ ಇದ್ರೆ ಇನ್ನೊಂದು, ಮಳೆಗಾಲ ಮುಗಿದ ಮೇಲೆ ವೈರಿನ ತುದಿ ಬಿಚ್ಚಿ ನೋಡಿ, ನಂದು ಒಂದೇ ವರ್ಷಕ್ಕೆ ಹಸಿರು ಹಿಡಿದಿತ್ತು, ಅಷ್ಟು ಕತ್ತರಿಸಿ ಹೊಸದಾಗಿ ಸುಲಿದು ಹಾಕಿದೆ.