‘ಕಡಲತೀರದ ಸಂನ್ಯಾಸಿ’ ಚಿತ್ರದಲ್ಲಿ ಮುಖವೇ ಕಾಣದಿದ್ದರೂ ಅಷ್ಟು ತೀವ್ರವಾದ ಒಂಟಿತನ ಮೂಡುವುದು ಹೇಗೆ?

ಜರ್ಮನಿಯ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ 1808ರಿಂದ 1810ರ ನಡುವೆ ರಚಿಸಿದ ಈ ತೈಲವರ್ಣಚಿತ್ರ ಈಗ ಬರ್ಲಿನ್ನಿನ ಆಲ್ಟೆ ನ್ಯಾಷನಲ್‌ಗ್ಯಾಲರಿಯಲ್ಲಿದೆ. ಇದರಲ್ಲಿ ಒಂಟಿತನದ ಭಾವ ಹುಟ್ಟುವುದು ಮುಖಚರ್ಯೆಯಿಂದಲ್ಲ, ಅಳತೆಯಿಂದ ಎಂಬುದು ನನ್ನ ಅಭಿಪ್ರಾಯ. ಸುಮಾರು 110 ಸೆಂ.ಮೀ. ಎತ್ತರ, 171 ಸೆಂ.ಮೀ. ಅಗಲದ ಕ್ಯಾನ್ವಾಸಿನ ಮುಕ್ಕಾಲಿಗೂ ಹೆಚ್ಚು ಭಾಗವನ್ನು ಮೋಡ ಕವಿದ ಆಕಾಶವೇ ಆವರಿಸಿದೆ. ಅದರ ಕೆಳಗೆ ಕಪ್ಪಗಿನ ಕಡಲಿನ ಒಂದು ಪಟ್ಟಿ, ಅದಕ್ಕೂ ಕೆಳಗೆ ಮಾಸಲು ಬಿಳುಪಿನ ಮರಳದಿಬ್ಬ, ಅದರ ಮೇಲೆ ನಮಗೆ ಬೆನ್ನು ಮಾಡಿ ನಿಂತ, ಬೆರಳುದ್ದಕ್ಕಿಂತ ಹೆಚ್ಚೇನೂ ದೊಡ್ಡದಲ್ಲವೆನಿಸುವ ಆ ಕಪ್ಪು ಆಕೃತಿ.

ಆತ ಗಲ್ಲಕ್ಕೆ ಕೈಯಾನಿಸಿದಂತೆ ತೋರುತ್ತದೆ. ದುಃಖವೋ, ಧ್ಯಾನವೋ, ಪ್ರಾರ್ಥನೆಯೋ ಎಂಬುದನ್ನು ಚಿತ್ರ ಹೇಳುವುದಿಲ್ಲವಾದ್ದರಿಂದ, ಅವನ ಬೆನ್ನ ಹಿಂದೆ ನಿಂತು ಅದೇ ಶೂನ್ಯವನ್ನು ನೋಡುವ ನಾವು ನಮ್ಮದೇ ಭಾವವನ್ನು ಅಲ್ಲಿ ತುಂಬಬೇಕಾಗುತ್ತದೆ.

ನನ್ನನ್ನು ಬಹಳವಾಗಿ ಕಾಡುವ ಸಂಗತಿ ಇನ್ನೊಂದಿದೆ. ಫ್ರೀಡ್ರಿಖ್ ಮೊದಲು ಈ ಕಡಲಿನಲ್ಲಿ ಹಡಗುಗಳನ್ನು ಚಿತ್ರಿಸಿ, ಆಮೇಲೆ ಅವುಗಳ ಮೇಲೆ ಬಣ್ಣ ಬಳಿದು ಮರೆಮಾಡಿದ್ದು ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ ಕಂಡುಬಂದಿದೆ. ಹಡಗು ಇದ್ದಿದ್ದರೆ ಕಣ್ಣಿಗೊಂದು ಆಸರೆಯಿರುತ್ತಿತ್ತು, ಯಾರೋ ಬರುವರೆಂಬ ನಿರೀಕ್ಷೆಯಿರುತ್ತಿತ್ತು. ಎರಡು ಬದಿಗಳಲ್ಲೂ ಮರವಾಗಲಿ ಬಂಡೆಯಾಗಲಿ ಚೌಕಟ್ಟಿನಂತೆ ನಿಂತಿಲ್ಲ. 1810ರಲ್ಲಿ ಬರ್ಲಿನ್ನಿನಲ್ಲಿ ಇದನ್ನು ಕಂಡ ಲೇಖಕ ಕ್ಲೈಸ್ಟ್, ಕಣ್ಣಿನ ರೆಪ್ಪೆಗಳನ್ನೇ ಕತ್ತರಿಸಿ ತೆಗೆದಂತಾಗುತ್ತದೆ ಎಂಬ ಅರ್ಥದಲ್ಲಿ ಬರೆದದ್ದು ಈ ತಡೆಯಿಲ್ಲದ ಬಯಲನ್ನು ಕುರಿತೇ.